ಕ್ಯಾಲೆ ಗಡಿಯಲ್ಲಿ ಅಮ್ಮ ಹೇಳಿದ್ದು



ಉದ್ದದ ಪೋಸ್ಟು, ಪುರುಸೊತ್ತಾದಾಗ ಓದಿ.

ಹೋದ ವರ್ಷ ಜೂನ್‌ನಲ್ಲಿ ಅಮ್ಮನ್ನ ಕರ್ಕೊಂಡು ಜರ್ಮನಿಗೆ, ತಮ್ಮನ ಮನೆಗೆ ಹೋಗಿದ್ದೆ. ಅಲ್ಲಿಂದ ಅವನ ಕಾರಲ್ಲೇ ಬಾನ್, ಕೊಲೋನ್, ಬ್ರಸೆಲ್ಸ್, ಕ್ಯಾಲೆ ದಾಟಿ ಲಂಡನ್. ನಾಲ್ಕು ದಿನ, ನಾಲ್ಕು ದೇಶ, ಐದು ಜನ: ಅಮ್ಮ, ನಾನು, ತಮ್ಮ, ಅವನ ಹೆಂಡತಿ, ಏಳು ವರ್ಷದ ಮಗಳು. ಫೋಟೋ ಹಾಕಿದಾಗ ನೀವೆಲ್ಲ ಖುಷಿಪಟ್ಟಿರಿ. ಫೋಟೋದಲ್ಲಿ ಇಲ್ಲದ್ದನ್ನ ಈಗ ಬರೀತಿದ್ದೀನಿ. ಹಾಕೋ ಮೊದಲು ತಮ್ಮನಿಗೆ ಫೋನಲ್ಲಿ ಪೂರ್ತಿ ಓದಿ ಹೇಳಿದೆ. "ಹಾಕಕ್ಕ, ಆದ್ರೆ ನನ್ನ ಹೆಸರು, ಕಂಪನಿ ಹೆಸರು ಬೇಡ" ಅಂದ. ಹಾಕಿಲ್ಲ.

ಹೊಸದಾಗಿ ಫಾಲೋ ಮಾಡ್ತಿರೋರಿಗೆ ಒಂದು ಮಾತು. ನಾವು ಹಲಸೂರಿನವರು, ಮರ್ಫಿ ಟೌನ್. ನಮ್ಮಮ್ಮ ಇಪ್ಪತ್ತೆಂಟು ವರ್ಷ ಶಿವಾಜಿನಗರದ ಕಡೆ ಬೀದಿ ಗುಡಿಸಿದವಳು. ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಗಳು, ಬ್ರಾಡ್‌ವೇ ರೋಡು, ಸೆಂಟ್ ಮೇರಿ ಚರ್ಚಿನ ಮುಂದಿನ ರಸ್ತೆ. ಸೆಪ್ಟೆಂಬರ್ 8ರ ಮೇರಿಮಾತೆ ತೇರು ಇಡೀ ಕಂಟೋನ್ಮೆಂಟಿಗೆ ಹಬ್ಬ. ನಮ್ಮ ಮನೇಲಿ ಅದು 9ನೇ ತಾರೀಕು ಅಮ್ಮ ಮಧ್ಯರಾತ್ರಿ ಎದ್ದು ಹೋಗೋ ದಿನ. ಕೆಲಸವೆಲ್ಲ ಗುತ್ತಿಗೆದಾರನ ಕೈಕೆಳಗೆ. ಪಿಎಫ್ ಹಿಡೀತಿದ್ದ, ಕಟ್ಟಿದ್ದನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಪೌರಕಾರ್ಮಿಕರಿಗೆ ನೇರ ಪಾವತಿ ಬರೋ ಹೊತ್ತಿಗೆ ಅಮ್ಮನ ಮೊಣಕಾಲು ಸೋತು ಕೆಲಸ ಬಿಟ್ಟಾಗಿತ್ತು. 2022ರ ಜುಲೈ ಮುಷ್ಕರದಲ್ಲಿ ಸಾವಿರಾರು ಹೆಣ್ಣುಮಕ್ಕಳು ಕೆಲಸ ಕಾಯಂ ಮಾಡಿ ಅಂತ ಪೊರಕೆ ಕೆಳಗಿಟ್ಟಾಗ, ಅಮ್ಮ ಮನೇಲಿ ಕೂತು ಟೀವಿ ನೋಡ್ತಾ "ನಾನೂ ಹೋಗ್ಬೇಕಿತ್ತು ಕಣೇ" ಅಂತ ಪೇಚಾಡಿದ್ದಳು.

ಅಂಥವಳ ಪಾಸ್‌ಪೋರ್ಟಿಗೆ ಏಳು ತಿಂಗಳು ಹಿಡೀತು. ಹುಟ್ಟಿದ ತಾರೀಕು ಆಧಾರದಲ್ಲಿ ಒಂದು, ವೋಟರ್ ಐಡಿಯಲ್ಲಿ ಇನ್ನೊಂದು. ಮನೆಯಲ್ಲಿ ಹೆತ್ತ ಮಗುವಿನ ತಾರೀಕು ಬರೆದಿಡೋರು ಯಾರಿದ್ದರು? ಆಮೇಲೆ ಯುರೋಪಿಗೆ ಷೆಂಗೆನ್ ವೀಸಾ, ಬ್ರಿಟನ್ನಿಗೆ ಬೇರೆ ವೀಸಾ. ಎರಡೂ ಸಲ ಬೆರಳಚ್ಚು ಸರಿಯಾಗಿ ಬೀಳಲಿಲ್ಲ. ಪೊರಕೆ ಹಿಡಿದು ಸವೆದ ಬೆರಳು. ಯಂತ್ರದ ಮುಂದೆ ಕೂತ ಹುಡುಗಿ "ಒರೆಸ್ಕೊಂಡು ಮತ್ತೆ ಇಡಿ ಅಮ್ಮ" ಅಂತ ನಾಲ್ಕು ಸಲ ಹೇಳಿದಳು.

ಆ ಕ್ಯೂನಲ್ಲಿ ನಿಂತಿದ್ದಾಗಲೇ ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಮತ್ತೆ ನೆನಪಾಗಿದ್ದು. ಹೆಸರು ವೀಸಾ ಅಂತಿದ್ದರೂ ಅದು ಪರದೇಶದ ಕಥೆ ಅಲ್ಲ. ಸ್ವಂತ ನೆಲದಲ್ಲೇ ಒಳಗೆ ಬಿಡಿ ಅಂತ ಕಾಯುವವರ ಕಥೆ. ಅದರ ಮೊದಲ ಘಟನೆಯೂ ಒಂದು ಫ್ಯಾಮಿಲಿ ಟ್ರಿಪ್ಪೇ, ನೀವು ಗಮನಿಸಿದ್ದೀರಾ? 1901. ಕೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ಅಪ್ಪನ್ನ ನೋಡೋಕೆ ಮನೆಯ ಮಕ್ಕಳು ಹೊಸ ಬಟ್ಟೆ ಹಾಕ್ಕೊಂಡು, ರೈಲು ಹತ್ತಿ, ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಇವರು ಬರೋ ಕಾಗದ ಅಪ್ಪನಿಗೆ ತಲುಪಿರಲಿಲ್ಲ. ಸ್ಟೇಷನ್ ಮಾಸ್ತರ ಮೊದಲು ಚೆನ್ನಾಗೇ ಮಾತಾಡಿಸಿದ. ಮಹಾರರು ಅಂತ ಗೊತ್ತಾದ ತಕ್ಷಣ ಮುಖ ಬದಲಾಯ್ತು. ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನ ಮಕ್ಕಳೇ ಹೊಡೀಬೇಕು, ಗಾಡಿಯವನು ಪಕ್ಕದಲ್ಲಿ ನಡೀತಾನೆ ಅಂತ ಒಪ್ಪಂದವಾಯ್ತು. ಬುತ್ತಿ ಇತ್ತು, ಕುಡಿಯೋಕೆ ನೀರಿರಲಿಲ್ಲ. ಸುಂಕದ ಕಟ್ಟೆಯವನ ಹತ್ತಿರ ಮುಸ್ಲಿಮರು ಅಂತ ಹೇಳ್ಕೊಂಡರೂ ನೀರು ಸಿಗಲಿಲ್ಲ. ರಾತ್ರಿಯೆಲ್ಲ ಹಸಿದು ಮಲಗಿದರು.

ಭೀಮರಾಯನಿಗೆ ಆಗ ಇನ್ನೂ ಹತ್ತರ ಆಸುಪಾಸು.

ನಮ್ಮ ಪ್ರಯಾಣ ಬಾನ್‌ನಿಂದ ಶುರು. ತಮ್ಮ ಇರೋದು ಅದೇ ಊರಲ್ಲಿ. 1921ರಲ್ಲಿ ಬಾಬಾಸಾಹೇಬರು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿದ್ದರು. ಲಂಡನ್ನಿನ ಓದು ನಡೀತಿದ್ದರಿಂದ ಅಲ್ಲಿ ಹೆಚ್ಚು ಕಾಲ ನಿಲ್ಲಲಾಗಲಿಲ್ಲ. ಹಳದಿ ಬಣ್ಣದ ಆ ಹಳೇ ಅರಮನೆ ಮುಂದಿನ ಹುಲ್ಲಿನ ಮೇಲೆ ಕೂತು ಚಿತ್ರಾನ್ನ ತಿಂದ್ವಿ. ಎಂಟು ವರ್ಷದಿಂದ ಇಲ್ಲಿದ್ದೀನಿ, ಬಾಬಾಸಾಹೇಬರು ಇಲ್ಲಿ ಹೆಸರು ಬರೆಸಿದ್ರು ಅಂತ ನಿನ್ನಿಂದ ಈಗ ಗೊತ್ತಾಯ್ತು ಅಂದ ತಮ್ಮ.

ಬಾನ್–ಕೊಲೋನ್ ಹೆದ್ದಾರಿ 1932ರದ್ದು. ಜರ್ಮನಿಯ ಮೊದಲ ಆಟೋಬಾನ್. ಸುಮಾರು ಇಪ್ಪತ್ತು ಕಿಲೋಮೀಟರ್ ಕಣ್ಣು ಮಿಟುಕಿಸೋದರಲ್ಲಿ ಮುಗೀತು. ಟಿನ್ ಫ್ಯಾಕ್ಟರಿಯಿಂದ ಕೆಆರ್ ಪುರಂ ತೂಗುಸೇತುವೆ ದಾಟೋಕೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು ಅಂತ ನಾನಂದೆ. ಅಮ್ಮ ಕಿಟಕಿ ಆಚೆ ನೋಡ್ತಾ, "ಡಿವೈಡರಲ್ಲಿ ಮಣ್ಣೇ ಇಲ್ವಲ್ಲೋ, ಇದನ್ನ ಯಾವಾಗ ಗುಡಿಸ್ತಾರೆ?" ಅಂದಳು. ಇಡೀ ದಾರಿ ಅವಳ ಪ್ರಶ್ನೆಗಳೆಲ್ಲ ಇಂಥವೇ. ಕೊಲೋನ್‌ನ ದೊಡ್ಡ ಚರ್ಚು ನೋಡಿ ನಾವು ಬಾಯಿ ಬಿಟ್ಕೊಂಡು ನಿಂತಿದ್ದರೆ, ಇವಳು "ನಮ್ಮ ಶಿವಾಜಿನಗರದ್ದಕ್ಕೆ ಹನ್ನೆರಡು ಜನ ಬೇಕಿತ್ತು, ಇದಕ್ಕೆ ಎಷ್ಟು ಜನಾನೋ" ಅಂತ ಲೆಕ್ಕ ಹಾಕ್ತಿದ್ದಳು.

ಕೊಲೋನ್‌ನಲ್ಲೇ ಒಂದು ಸಣ್ಣ ಬೀದಿಯಲ್ಲಿ ಅಮ್ಮ ಬಗ್ಗಿದಳು. ನೆಲದ ಕಲ್ಲುಗಳ ನಡುವೆ ಹಿತ್ತಾಳೆಯ ಚೌಕ, ನಮ್ಮ ಅಂಗೈಗಿಂತ ಸ್ವಲ್ಪ ದೊಡ್ಡದು. ಯಾರೋ ಕಾಲಿಟ್ಟು ಹೋಗಿ ಕಪ್ಪಾಗಿತ್ತು. ಸೆರಗಿನಿಂದ ಉಜ್ಜಿದಳು. "ಏನೋ ಬರೆದಿದೆ, ಓದೋ."

ಹೆಸರು, ಹುಟ್ಟಿದ ವರ್ಷ, ಹಿಡಿದುಕೊಂಡು ಹೋದ ವರ್ಷ, ಕೊಂದ ಜಾಗ.

ನಾಜಿಗಳು ಕೊಂದವರು ಕೊನೆಗೆ ತಮ್ಮ ಇಚ್ಛೆಯಿಂದ ಬದುಕಿದ್ದ ಮನೆಯ ಮುಂದೆ ಈ ಕಲ್ಲು ಹೂಳ್ತಾರೆ. ಎಡವುಗಲ್ಲು ಅಂತಲೇ ಅದರ ಹೆಸರಿನ ಅರ್ಥ. ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದ 1992ರಲ್ಲಿ ಇದೇ ಕೊಲೋನ್‌ನಲ್ಲಿ ಮೊದಲನೆಯದನ್ನ ಇಟ್ಟರು. ಈಗ ಯುರೋಪಿನಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು. ಯೆಹೂದಿಗಳ ಜೊತೆ ಸಿಂತಿ, ರೋಮಾ ಜನರ ಹೆಸರೂ ಇವೆ. ಡೆಮ್ನಿಗ್ ಈ ಕೆಲಸ ಶುರು ಮಾಡಿದ್ದೇ, 1940ರ ಮೇ ತಿಂಗಳಲ್ಲಿ ಕೊಲೋನ್‌ನಿಂದ ರೈಲಿಗೆ ತುಂಬಿ ಸಾಗಿಸಿದ ಸಾವಿರ ರೋಮಾ, ಸಿಂತಿಗಳ ದಾರಿಯನ್ನ ಬೀದಿಯಲ್ಲಿ ಗುರುತು ಮಾಡೋದರಿಂದ. ರೋಮಾ ಜನ ಸುಮಾರು ಸಾವಿರ ವರ್ಷದ ಹಿಂದೆ ನಮ್ಮ ಕಡೆಯಿಂದಲೇ ಹೊರಟವರು ಅಂತ ಅವರ ಭಾಷೆಯೇ ಹೇಳುತ್ತೆ. ಅಷ್ಟು ದೂರ ಹೋದರೂ ಊರಾಚೆಯೇ ಉಳಿದರು.

ಅಮ್ಮ ಎಲ್ಲ ಕೇಳಿಸ್ಕೊಂಡು ಒಂದೇ ಮಾತು ಹೇಳಿದಳು. "ಕಂಬಾಲಪಲ್ಲೀಲಿ ಇಂಥದ್ದು ಇಟ್ಟಿದ್ದಾರಾ?"

2000ದ ಮಾರ್ಚ್ 11. ಏಳು ಜನ ದಲಿತರನ್ನ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಹಳೇ ಮದ್ರಾಸ್ ರಸ್ತೆ ಹಿಡಿದು ಹೊಸಕೋಟೆ ದಾಟಿ ಚಿಂತಾಮಣಿ ಕಡೆ ಹೊರಟರೆ, ನಮ್ಮ ಮನೆಯಿಂದ ಒಂದು ಬೆಳಗಿನ ದಾರಿ. ನಾನು ಉತ್ತರ ಕೊಡಲಿಲ್ಲ.

ಬ್ರಸೆಲ್ಸ್‌ಗೆ ಇನ್ನೂ ಒಂದು ಗಂಟೆ ದಾರಿ ಇರೋವಾಗ ತಮ್ಮ ಕಾರಿನ ಹಾಡು ನಿಲ್ಲಿಸಿದ. ಆ ರಾತ್ರಿ ನಾವು ಉಳೀಬೇಕಿದ್ದದ್ದು ಅವನ ಹಳೇ ಸಹೋದ್ಯೋಗಿಯ ಮನೇಲಿ. ಕನ್ನಡದವರು. ರಾಜ್ಯೋತ್ಸವ, ಯುಗಾದಿ ಅಂತ ಸೇರೋ ಗುಂಪಿನವರು.

"ಅಮ್ಮ, ಒಂದು ಮಾತು. ಅಲ್ಲಿ ನಿನ್ನ ಕೆಲಸದ ವಿಷಯ ತೆಗೀಬೇಡ."

ಯಾರೂ ಮಾತಾಡಲಿಲ್ಲ.

"ಅಕ್ಕ, ನೀನೂ ಅಷ್ಟೇ. ಒಂದು ರಾತ್ರಿ. ಪ್ಲೀಸ್."

ನನಗೆ ಮೈಯೆಲ್ಲ ಉರೀತು. ಇಪ್ಪತ್ತು ವರ್ಷದಿಂದ ಮೈಕು ಹಿಡಿದು ಸ್ವಾಭಿಮಾನದ ಬಗ್ಗೆ ಮಾತಾಡೋಳು ನಾನು. "ಅವಳು ಗುಡಿಸಿದ ದುಡ್ಡಲ್ಲೇ ಕಣೋ ನೀನು ಇಂಜಿನಿಯರ್ ಆಗಿದ್ದು" ಅಂದೆ. ಅವನ ಹೆಂಡತಿ ಕಣ್ಣಲ್ಲೇ ಬೇಡ ಅಂದಳು, ಹಿಂದೆ ಮಗು ಇತ್ತು. ಅಮ್ಮ ಮಾತ್ರ "ಆಯ್ತು ಬಿಡಪ್ಪ, ಗಾಡಿ ನೋಡ್ಕೊಂಡು ಓಡಿಸು" ಅಂದಳು.

ಆ ಮನೆಯವರು ಒಳ್ಳೆಯವರು. ಇದನ್ನ ಬರೀಲೇಬೇಕು. ಬಿಸಿಬೇಳೆಬಾತ್ ಮಾಡಿದ್ದರು, ಅಮ್ಮನಿಗೆ ಮೆತ್ತನೆ ಹಾಸಿಗೆ ಬಿಟ್ಟುಕೊಟ್ಟು ತಾವು ನೆಲದಲ್ಲಿ ಮಲಗಿದರು. ಊಟ ಆದಮೇಲೆ ಅವರ ಅತ್ತೆ, ಊರಿಂದ ಬಂದಿದ್ದ ಹಿರಿಯರು, ಅಮ್ಮನ ಪಕ್ಕ ಸೋಫಾದಲ್ಲಿ ಕೂತರು.

"ನಿಮ್ಮದು ಬೆಂಗಳೂರಲ್ಲಿ ಎಲ್ಲಿ?"

"ಹಲಸೂರು."

"ಓ, ಸೋಮೇಶ್ವರನ ಗುಡಿ ಹತ್ತಿರಾನಾ?"

"ಸ್ವಲ್ಪ ಮುಂದೆ."

"ಮನೆದೇವರು ಯಾವುದು?"

ಅಮ್ಮ ಏನೋ ಗೊಣಗಿದಳು. ಅವರಿಗೆ ಕೇಳಿಸಲಿಲ್ಲ.

"ಕೆಲಸದಲ್ಲಿದ್ರಂತೆ?"

"ಹೂಂ. ಕಾರ್ಪೊರೇಷನ್ನಲ್ಲಿದ್ದೆ."

"ಹಾಗಾದ್ರೆ ಪೆನ್ಷನ್ ಚೆನ್ನಾಗಿ ಬರುತ್ತೆ ಬಿಡಿ, ಪುಣ್ಯವಂತರು."

ಅಮ್ಮ ನಕ್ಕಳು. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ತಮ್ಮ ಆ ಕಡೆ ಟೇಬಲ್ಲಿನ ತಟ್ಟೆ ಎತ್ತುತ್ತಾ ಇತ್ತ ಕಿವಿ ಇಟ್ಟಿದ್ದ. ಅವನ ಕಿವಿ ಕೆಂಪಾಗಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ತಮ್ಮನ ಮೇಲಿನ ಸಿಟ್ಟು ಇಳೀತಾ ಇಳೀತಾ ನನ್ನ ಕಡೆಗೇ ತಿರುಗಿತು. ಇದನ್ನ ನಾನು ಎಲ್ಲೂ ಹೇಳ್ಕೊಂಡಿಲ್ಲ. ಹದಿಮೂರು ವರ್ಷದ ಹಿಂದೆ ಇಂದಿರಾನಗರದಲ್ಲಿ ಬಾಡಿಗೆ ಮನೆ ಹುಡುಕ್ತಿದ್ದಾಗ ಓನರ್ ಕೇಳಿದ್ದು "ವೆಜ್ಜಾ, ನಾನ್‌ವೆಜ್ಜಾ?" ಅಂತ. ಆ ಪ್ರಶ್ನೆ ಊಟದ ಬಗ್ಗೆ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ನಾನು "ವೆಜ್" ಅಂದೆ. ಬಾಬಾಸಾಹೇಬರ ಫೋಟೋ ಬೀರು ಒಳಗೆ ಇಟ್ಟೆ. ಅಮ್ಮ ಬಂದಾಗಲೆಲ್ಲ ಡಬ್ಬಿಯಲ್ಲಿ ತರ್ತಿದ್ದ ಮಾಂಸದ ಸಾರನ್ನ ಕಿಟಕಿ ಮುಚ್ಚಿ ಬಿಸಿ ಮಾಡ್ತಿದ್ದೆ. ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿದ ದಿನವೇ ಕೆಆರ್ ಪುರಂಗೆ ಹೋದೆ. ಬಾಡಿಗೆ ಕಮ್ಮಿ ಅಂತ ಎಲ್ಲರಿಗೂ ಹೇಳಿದೆ.

ಅದೇ ಪುಸ್ತಕದ ಎರಡನೇ ಘಟನೆ ಆಗ ನೆನಪಾಯ್ತು. 1917. ಕೊಲಂಬಿಯಾದಲ್ಲಿ ಓದಿ, ಲಂಡನ್ ನೋಡಿ ಬಂದ ಬಾಬಾಸಾಹೇಬರು ಬರೋಡದಲ್ಲಿ ನೌಕರಿಗೆ ಸೇರಿದಾಗ ಉಳಿಯೋಕೆ ಜಾಗ ಸಿಗಲಿಲ್ಲ. ಪಾರ್ಸಿ ಛತ್ರವೊಂದರ ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಬಂದು ಹೊರಗೆ ಹಾಕಿತು. ಒಬ್ಬ ಹಿಂದೂ ಸ್ನೇಹಿತ, ಒಬ್ಬ ಕ್ರೈಸ್ತ ಸ್ನೇಹಿತ, ಇಬ್ಬರೂ ಒಂದೊಂದು ನೆಪ ಹೇಳಿದರು. ಐದು ವರ್ಷ ಪರದೇಶದಲ್ಲಿ ಮರೆತುಹೋಗಿದ್ದ ಅಸ್ಪೃಶ್ಯತೆ ಊರಿಗೆ ಕಾಲಿಟ್ಟ ಕೂಡಲೇ ಎದುರು ಬಂದು ನಿಂತಿತ್ತು.

ಅವರಿಗೆ ಹನ್ನೊಂದು ದಿನ, ನನಗೆ ಹನ್ನೊಂದು ತಿಂಗಳು, ನನ್ನ ತಮ್ಮನಿಗೆ ಎಂಟು ವರ್ಷ. ಬಾಬಾಸಾಹೇಬರು ಅದನ್ನ ಮುಚ್ಚಿಡದೆ ಬರೆದರು. ನಾವು ಬರೆಯಲಿಲ್ಲ.

ತಮ್ಮನ ಭಯ ಸುಮ್ಮನೆ ಹುಟ್ಟಿದ್ದೂ ಅಲ್ಲ. ಜಾತಿ ಕಡಲನ್ನೂ ದಾಟುತ್ತೆ. ಈಗ ವಾಟ್ಸಾಪ್ ಗುಂಪಿನ ಜೊತೆಗೇ ಬರುತ್ತೆ, ಮದುವೆ ಸಂಬಂಧಗಳಲ್ಲಿ ಬರುತ್ತೆ, ಬಾಡಿಗೆ ರೂಮಿನಲ್ಲಿ ಬರುತ್ತೆ. ಬ್ರಿಟನ್ನಿನಲ್ಲಿ 2013ರಲ್ಲಿ ಸಮಾನತೆ ಕಾಯ್ದೆಗೆ ಜಾತಿಯನ್ನ ಸೇರಿಸಬೇಕು ಅಂತ ಪಾರ್ಲಿಮೆಂಟು ತೀರ್ಮಾನಿಸಿತು. 2018ರಲ್ಲಿ ಸರ್ಕಾರ ಕೈಬಿಟ್ಟಿತು. ಅದರ ನಡುವೆ, 2015ರಲ್ಲಿ, ಬಿಹಾರದಿಂದ ಮನೆಗೆಲಸಕ್ಕೆ ಅಂತ ಕರ್ಕೊಂಡು ಹೋಗಿದ್ದ ಆದಿವಾಸಿ ಹೆಣ್ಣುಮಗಳು ಪರ್ಮಿಲಾ ತಿರ್ಕಿ ತನ್ನನ್ನ ದುಡಿಸಿಕೊಂಡ ಭಾರತೀಯ ಮಾಲೀಕರ ಮೇಲೆ ಕೇಸು ಗೆದ್ದಳು. ಒಂದು ಲಕ್ಷದ ಎಂಬತ್ತು ಸಾವಿರಕ್ಕೂ ಹೆಚ್ಚು ಪೌಂಡ್ ಕೊಡಿ ಅಂತ ಆದೇಶವಾಯ್ತು. ಅವಳು ಗೆದ್ದಳು ನಿಜ. ಆದರೆ ಅದಕ್ಕೂ ಮೊದಲು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಆ ಮನೆಯ ನೆಲದ ಮೇಲೆ ಮಲಗಿದ್ದಳು.

ಬೆಳಿಗ್ಗೆ ಬ್ರಸೆಲ್ಸ್ ಬಿಟ್ವಿ. ಸುಮಾರು ಇನ್ನೂರು ಕಿಲೋಮೀಟರ್ ಕ್ಯಾಲೆ. ಅರ್ಧ ದಾರಿವರೆಗೆ ಅಮ್ಮ ಮಾತಾಡಲಿಲ್ಲ. ಆಮೇಲೆ ಯಾರನ್ನೂ ನೋಡದೆ ಹೇಳಿದಳು.

"ಇಪ್ಪತ್ತೆಂಟು ವರ್ಷ ರೋಡಲ್ಲಿ ನಿಂತೆ. ಬೈದ್ರು, ಮೇಲೆ ನೀರು ಚೆಲ್ಲಿದ್ರು, ಮೂಗು ಮುಚ್ಕೊಂಡು ಹೋದ್ರು. ಒಂದಿನಾನೂ ನಂಗೆ ನಾಚಿಕೆ ಆಗಿರಲಿಲ್ಲ. ನೆನ್ನೆ ಆ ಸೋಫಾ ಮೇಲೆ ಕೂತಾಗ ಆಯ್ತು."

ತಮ್ಮ ಸ್ಟೇರಿಂಗ್ ಗಟ್ಟಿಯಾಗಿ ಹಿಡ್ಕೊಂಡಿದ್ದ. ಏನೂ ಹೇಳಲಿಲ್ಲ.

ಕ್ಯಾಲೆ ಹತ್ತಿರ ಬಂದಂತೆ ರಸ್ತೆಯ ಪಕ್ಕ ಎತ್ತರದ ಬಿಳೀ ಬೇಲಿ ಶುರುವಾಗುತ್ತೆ. ಮೈಲಿಗಟ್ಟಲೆ. ಬ್ರಿಟನ್ನಿಗೆ ದಾಟೋಕೆ ಕಾಯೋ ಸುಡಾನ್, ಅಫ್ಘಾನಿಸ್ತಾನ, ಎರಿಟ್ರಿಯಾದ ಜನ ಲಾರಿ ಹತ್ತದಿರಲಿ ಅಂತ ಹಾಕಿದ್ದು. ಅವರ ಗುಡಿಸಲುಗಳ ದೊಡ್ಡ ಶಿಬಿರವೇ ಇಲ್ಲಿತ್ತು. 2016ರ ಅಕ್ಟೋಬರ್‌ನಲ್ಲಿ ಕೆಡವಿದರು. ಹಾಗಾಗಿ ಮುಂದೆ ಬರೆಯೋದನ್ನ ಓದಿ "ನೋಡಿ, ಬಿಳಿಯರು ಎಷ್ಟು ಒಳ್ಳೆಯವರು" ಅಂತ ದಯವಿಟ್ಟು ಯಾರೂ ಕಾಮೆಂಟ್ ಹಾಕಬೇಡಿ. ಆ ಬೇಲಿ ನಮ್ಮ ಎದುರಿಗೇ ಇತ್ತು. ನಮ್ಮ ಕೈಯಲ್ಲಿ ಕಾಗದ ಇತ್ತು, ಅಷ್ಟೇ ವ್ಯತ್ಯಾಸ.

ಕ್ಯಾಲೆಯಲ್ಲಿ ಕಾರನ್ನೇ ರೈಲಿನೊಳಗೆ ಓಡಿಸ್ಕೊಂಡು ಹೋಗಬೇಕು, ರೈಲು ಸಮುದ್ರದ ಅಡಿಯ ಸುರಂಗದಲ್ಲಿ ಮೂವತ್ತೈದು ನಿಮಿಷಕ್ಕೆ ಆಚೆ ದಡ ಮುಟ್ಟಿಸುತ್ತೆ. ಬ್ರಿಟನ್ನಿನ ಪಾಸ್‌ಪೋರ್ಟ್ ತಪಾಸಣೆ ಫ್ರಾನ್ಸಿನ ನೆಲದಲ್ಲೇ ಮುಗಿಯುತ್ತೆ. ಕಾರಲ್ಲಿ ಕೂತೇ ಕಿಟಕಿಯಿಂದ ಪಾಸ್‌ಪೋರ್ಟ್ ಕೊಟ್ವಿ. ಅಧಿಕಾರಿ ನಡುವಯಸ್ಸಿನ ಹೆಂಗಸು. ಒಬ್ಬೊಬ್ಬರನ್ನೇ ನೋಡಿದಳು. ಎಲ್ಲಿಗೆ, ಎಷ್ಟು ದಿನ, ವಾಪಸ್ ಯಾವಾಗ. ಆಮೇಲೆ ಅಮ್ಮನ ಪಾಸ್‌ಪೋರ್ಟ್ ಹಿಡಿದು, ಇವರು ಊರಲ್ಲಿ ಏನು ಕೆಲಸ ಮಾಡ್ತಾರೆ ಅಂತ ಕೇಳಿದಳು.

ಅಮ್ಮನಿಗೆ ಅಷ್ಟು ಇಂಗ್ಲಿಷ್ ಅರ್ಥ ಆಗುತ್ತೆ, ಕಂಟೋನ್ಮೆಂಟಿನ ಬೀದಿಯಲ್ಲಿ ಕಲಿತದ್ದು. ತಮ್ಮ ಬಾಯಿ ತೆರೆಯೋ ಮೊದಲೇ ಅವಳು ಹಿಂದಿನ ಸೀಟಿನಿಂದ ಮುಂದೆ ಬಾಗಿ, ಕನ್ನಡದಲ್ಲೇ, ಗಟ್ಟಿಯಾಗಿ ಹೇಳಿದಳು.

"ಶಿವಾಜಿನಗರದಲ್ಲಿ ಕಸ ಗುಡಿಸ್ತಿದ್ದೆ. ಇಪ್ಪತ್ತೆಂಟು ವರ್ಷ. ಹೇಳೋ ಅವರಿಗೆ."

ಕಾರೊಳಗೆ ಸದ್ದಿಲ್ಲ. ಅಧಿಕಾರಿ ತಮ್ಮನ ಮುಖ ನೋಡಿದಳು. ಅವನು ಒಂದು ಸಲ ಗಂಟಲು ಸರಿಮಾಡ್ಕೊಂಡು ಇಂಗ್ಲಿಷಿನಲ್ಲಿ ಹೇಳಿದ: ನಮ್ಮಮ್ಮ ಬೆಂಗಳೂರಲ್ಲಿ ಬೀದಿ ಗುಡಿಸೋ ಕೆಲಸದಲ್ಲಿದ್ದರು, ಇಪ್ಪತ್ತೆಂಟು ವರ್ಷ, ಈಗ ನಿವೃತ್ತಿ.

ಅವಳು ಹೂಂ ಅಂದು ಮುದ್ರೆ ಒತ್ತಿ ಪಾಸ್‌ಪೋರ್ಟ್ ವಾಪಸ್ ಕೊಟ್ಟಳು. ಹಿಂದಿನ ಕಾರಿಗೆ ಬಾ ಅಂತ ಕೈ ಮಾಡಿದಳು. ಅಷ್ಟೇ. ಅವಳಿಗೆ ಅದೊಂದು ಉತ್ತರ, ಬರ್ಕೊಳ್ಳೋ ಅಷ್ಟೂ ದೊಡ್ಡದಲ್ಲ.

"ಅಜ್ಜಿ, ನೀನು ರೋಡ್ ಕ್ಲೀನ್ ಮಾಡ್ತಿದ್ದಾ?" ಅಂತ ಪಾಪು ಕೇಳಿತು. ಏಳು ವರ್ಷದ ಮಗುವಿಗೆ ಅಜ್ಜಿ ಏನು ಮಾಡ್ತಿದ್ದಳು ಅಂತ ಆವತ್ತೇ ಗೊತ್ತಾಗಿದ್ದು. ಸುರಂಗ ದಾಟೋ ಮೂವತ್ತೈದು ನಿಮಿಷವೂ ಅದರದ್ದು ಪ್ರಶ್ನೆಗಳೇ. ಮಳೆ ಬಂದ್ರೆ ಏನ್ಮಾಡ್ತಿದ್ದೆ? ನಾಯಿ ಓಡಿಸ್ಕೊಂಡು ಬಂದ್ರೆ? ಏನಾದ್ರೂ ಸಿಕ್ತಿತ್ತಾ? ಒಂದ್ಸಲ ಕಮರ್ಷಿಯಲ್ ಸ್ಟ್ರೀಟಲ್ಲಿ ಚಿನ್ನದ ಓಲೆ ಸಿಕ್ಕಿ, ಅಂಗಡಿಯವನಿಗೆ ವಾಪಸ್ ಕೊಟ್ಟು, ಅವನು ಒಂದು ಟೀ ಕೊಡಿಸಿದ ಕಥೆ ಅಮ್ಮ ಹೇಳಿದಳು. ಲೋಟ ಬೇರೆ ಇತ್ತು ಅಂತ ಮಗುವಿಗೆ ಹೇಳಲಿಲ್ಲ. ಅದು ನನಗೆ ಗೊತ್ತಿರೋ ಕಥೆ.

ಆಚೆ ದಡ ಬಂತು. ಕಾರಿನ ಸ್ಟೇರಿಂಗ್ ಎಡಗಡೆ, ರಸ್ತೆಯೂ ಎಡಗಡೆ, ತಮ್ಮ ತಬ್ಬಿಬ್ಬಾದ. "ನಮ್ಮೂರ್ ಥರಾನೇ ಹೋಗೋ" ಅಂದಳು ಅಮ್ಮ. ಬ್ರಸೆಲ್ಸ್ ಬಿಟ್ಟಮೇಲೆ ಅವನು ನಕ್ಕಿದ್ದು ಆಗಲೇ.

ಲಂಡನ್, ಹತ್ತು ನಂಬರ್, ಕಿಂಗ್ ಹೆನ್ರೀಸ್ ರೋಡ್. 1921–22ರಲ್ಲಿ ಬಾಬಾಸಾಹೇಬರು ಇದ್ದ ಮನೆ. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡುಕೊಂಡು ಸ್ಮಾರಕ ಮಾಡಿತು. ವಸತಿ ಬೀದಿಯಲ್ಲಿ ಮ್ಯೂಸಿಯಂ ಯಾಕೆ, ಜನ ಬಂದು ಗಲಾಟೆ ಆಗುತ್ತೆ ಅಂತ ನೆರೆಯವರಿಂದ ದೂರು ಹೋಯ್ತು. ಸ್ಥಳೀಯ ಕೌನ್ಸಿಲ್ ಅನುಮತಿ ನಿರಾಕರಿಸಿತು. ಮೇಲ್ಮನವಿ, ವಿಚಾರಣೆ ಎಲ್ಲ ಆಗಿ 2020ರ ಮಾರ್ಚ್‌ನಲ್ಲಿ ಬ್ರಿಟನ್ ಸರ್ಕಾರ ಒಪ್ಪಿಗೆ ಕೊಟ್ಟಿತು. ಸತ್ತು ಅರವತ್ತು ವರ್ಷ ದಾಟಿದ ಮೇಲೂ ಅವರ ಮನೆ ವೀಸಾಗೆ ಕಾಯಬೇಕಾಯ್ತು.

ಅಮ್ಮ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಳು. ಅಲ್ಲಿ ಬಿಡೋ ಅಗತ್ಯ ಇರಲಿಲ್ಲ. ಕೋಣೆ ಕೋಣೆಯಲ್ಲಿ ನಿಧಾನವಾಗಿ ನಿಂತಳು. ಅಳಲಿಲ್ಲ, ನಾನೇ ಅತ್ತೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ತಮ್ಮ ಅವಳ ಪಕ್ಕ ಕೂತು, "ಅಮ್ಮ, ನಾನು ಹಾಗೆ ಹೇಳಬಾರದಿತ್ತು" ಅಂದ. ಅವಳು ಅವನ ಬೆನ್ನು ಸವರಿ, "ನೀನೊಬ್ಬನೇ ಇದ್ದೀಯ ಕಣೋ ಅಲ್ಲಿ" ಅಂದಳು.

ಸಂಗಾತಿಗಳೇ, ಇಷ್ಟು ಬರೆದಿದ್ದು ಆ ಒಂದು ಮಾತಿಗೋಸ್ಕರ. ನಾನು ಇಲ್ಲಿ ಧೈರ್ಯವಾಗಿ ಜೈಭೀಮ್ ಅಂತೀನಿ, ಯಾಕಂದ್ರೆ ಅಂದ ಕೂಡಲೇ ನೀವು ನೂರು ಜನ ತಿರುಗಿ ಅಂತೀರಿ. ಹೊರದೇಶದಲ್ಲಿ, ಐಟಿ ಕಂಪನಿಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಬಾಯಿ ಮುಚ್ಕೊಂಡಿರೋ ನಮ್ಮ ಮಕ್ಕಳನ್ನ ನಾವು "ಮೇಲೆ ಹೋದಮೇಲೆ ಮರೆತರು" ಅಂತ ಬೇಗ ಬೈದುಬಿಡ್ತೀವಿ. ನಾನೂ ಎಷ್ಟೋ ವೇದಿಕೆಯಲ್ಲಿ ಬೈದಿದ್ದೀನಿ. ಮುಚ್ಚಿಡೋದು ಸರಿ ಅಂತಲ್ಲ. ಅದು ಒಳಗೇ ಕೊಳೆಯುತ್ತೆ, ಆ ಸೋಫಾ ಮೇಲೆ ನೋಡಿದ್ದೀನಿ. ಆದರೆ ಬೈಯೋ ಮೊದಲು ಅವರ ಪಕ್ಕ ಕೂರೋಕೆ ಒಬ್ಬರಾದ್ರೂ ಇದ್ದಾರಾ ಅಂತ ಕೇಳೋಣ. ಪ್ರಶ್ನೆ ಕೇಳಬೇಕಾದ್ದು ಮನೆದೇವರು ಯಾವುದು ಅಂತ ಕೇಳೋರನ್ನ, ಉತ್ತರ ನುಂಗೋರನ್ನಲ್ಲ.

ಆ ಬ್ರಸೆಲ್ಸ್ ಮನೆಯವರಿಗೆ ತಮ್ಮ ಇನ್ನೂ ಏನೂ ಹೇಳಿಲ್ಲ. ಹೇಳು ಅಂತ ನಾನು ಬಲವಂತ ಮಾಡಲ್ಲ. ಈ ಏಪ್ರಿಲ್ 14ಕ್ಕೆ ಮಾತ್ರ ಬಾನ್‌ನ ಅವನ ಮನೆ ಹಾಲಿನ ಒಂದು ಫೋಟೋ ಕಳಿಸಿದ. ಗೋಡೆ ಮೇಲೆ ಬಾಬಾಸಾಹೇಬರು, ಕೆಳಗೆ ಪಾಪು ಬಿಡಿಸಿದ ಚಿತ್ರ: ಕೈಯಲ್ಲಿ ಉದ್ದ ಪೊರಕೆ ಹಿಡಿದ ಅಜ್ಜಿ, ಹಿಂದೆ ದೊಡ್ಡ ಚರ್ಚು. ಅದು ಕೊಲೋನ್‌ದೋ ಶಿವಾಜಿನಗರದ್ದೋ ಗೊತ್ತಾಗಲ್ಲ.

ಅಮ್ಮ ಆ ಚಿತ್ರ ನೋಡಿ, "ಪೊರಕೆ ಹಿಡಿಯೋದು ಹಾಗಲ್ಲ" ಅಂದಳು.

ಜೈಭೀಮ್.